ಆಳು ಎಂಬ ಪದದೊಳಗೆ ಒಬ್ಬ ಮನುಷ್ಯ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾನೂ ನಿನ್ನ ದೊಡ್ಡಮ್ಮನೂ ಕ್ಷೇಮ. ನಿನ್ನ ಪತ್ರ ಬಂದು ಎಂಟು ದಿನವಾಯಿತು. ಬಡ್ತಿಯ ಸುದ್ದಿ ಓದಿ ದೊಡ್ಡಮ್ಮ ಕಣ್ಣು ಒರೆಸಿಕೊಂಡಳು, ಪತ್ರವನ್ನು ದೇವರ ಮುಂದಿಟ್ಟು ಬಂದಳು. ನಾನು ಮಾತ್ರ ಎರಡನೆಯ ಪುಟದಲ್ಲಿ ನೀನು ಬರೆದಿದ್ದ ಒಂದು ಸಾಲನ್ನು ದಾಟಿ ಮುಂದೆ ಹೋಗಲಾರದೆ ಕುಳಿತೆ. "ಇನ್ನು ಹದಿನಾಲ್ಕು ಜನರನ್ನು ನಾನು ನಿಯಂತ್ರಿಸಬೇಕು ದೊಡ್ಡಪ್ಪ, ಅವರಲ್ಲಿ ಆರು ಮಂದಿ ನನಗಿಂತ ಹಿರಿಯರು" ಎಂದು ಬರೆದಿದ್ದೀಯ. ಆ ಪುಟವೊಂದರಲ್ಲೇ 'ನಿಯಂತ್ರಿಸು' ಐದು ಸಲ ಬಂದಿದೆ. ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು ನನ್ನದು. ಒಂದೇ ಪದ ಒಂದೇ ಪುಟದಲ್ಲಿ ಐದು ಸಲ ಬಂದರೆ, ಬರೆದವರ ಅಂಜಿಕೆ ಆ ಪದದಲ್ಲೇ ಇದೆ ಎಂದು ಅದಕ್ಕೆ ತಿಳಿಯುತ್ತದೆ.

ನಿನ್ನ ಕಚೇರಿಯ ಕೆಲಸದ ಒಳಹೊರಗು ನಿನಗೆ ಗೊತ್ತು. ನನಗೆ ಗೊತ್ತಿರುವುದು ಪದಗಳು. ಹಾಗಾಗಿ ಆ ದಾರಿಯಿಂದಲೇ ನಿನ್ನ ಬಳಿಗೆ ಬರುತ್ತೇನೆ. ಸ್ವಲ್ಪ ದೂರದ ದಾರಿ, ಬೇಸರಿಸಬೇಡ.

ನೀನು ಹಿಡಿದುಕೊಂಡಿರುವ ಪದದಿಂದಲೇ ಶುರುಮಾಡೋಣ. ನಿಯಂತ್ರಿಸು ಎಂಬುದು ಸಂಸ್ಕೃತದ 'ನಿಯಂತ್ರಣ'ದ ಬಳಗದ್ದು, ಕೊನೆಯ 'ಇಸು' ನಮ್ಮದು. ಸಂಸ್ಕೃತದ ನಾಮಪದಕ್ಕೆ 'ಇಸು' ಹಚ್ಚಿ ಕ್ರಿಯಾಪದ ಮಾಡಿಕೊಳ್ಳುವುದು ಕನ್ನಡಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಅಭ್ಯಾಸ. ಒಳಗಿರುವ ಧಾತು 'ಯಮ್'. ಹಿಡಿ, ಬಿಗಿಹಿಡಿ ಎಂದು ಅರ್ಥ. ಈ ಒಂದು ಧಾತುವಿನ ಸಂಸಾರ ಎಷ್ಟು ದೊಡ್ಡದು ನೋಡು. ನಿಯಮ, ಸಂಯಮ, ವ್ಯಾಯಾಮ, ಪ್ರಾಣಾಯಾಮ, ಉದ್ಯಮ, ಯಂತ್ರ ಎಲ್ಲವೂ ಅದರ ಮಕ್ಕಳು. 'ಯಂತ್ರ' ಹುಟ್ಟಿದ ಬಗೆಯೂ ಸರಳ. ನೇತ್ರ, ಪಾತ್ರ, ಶಸ್ತ್ರಗಳಲ್ಲಿರುವ 'ತ್ರ' ಒಂದು ಸಾಧನವನ್ನು ಸೂಚಿಸುತ್ತದೆ. ಹಿಡಿದು ನಿಲ್ಲಿಸುವ ಸಾಧನವೇ ಯಂತ್ರ. ರಥದ ಕುದುರೆಗಳ ಹಗ್ಗ ಹಿಡಿದು ಕೂರುವ ಸಾರಥಿಗೆ ಸಂಸ್ಕೃತದಲ್ಲಿ 'ಯಂತೃ' ಎಂಬ ಹೆಸರೂ ಉಂಟು. ಕಠೋಪನಿಷತ್ತಿನ ರಥದ ಹೋಲಿಕೆ ನಿನಗೆ ನೆನಪಿರಬಹುದು. ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಆ ಮಾತನ್ನು ನಚಿಕೇತನಿಗೆ ಹೇಳುವವನು ಯಮನೇ. ಅಲ್ಲಿ ಲಗಾಮು ಬೇರೆ ಯಾರ ಬಾಯಿಗೂ ಹಾಕಿದ್ದಲ್ಲ ಎಂಬುದನ್ನು ಗಮನಿಸು. ಪತಂಜಲಿಯ ಯೋಗಸೂತ್ರದ ಎಂಟು ಅಂಗಗಳಲ್ಲಿ ಮೊದಲೆರಡು ಯಮ ಮತ್ತು ನಿಯಮ, ನಾಲ್ಕನೆಯದು ಪ್ರಾಣಾಯಾಮ. ಕೊನೆಯ ಮೂರು ಅಂಗಗಳು ಒಟ್ಟುಗೂಡಿದರೆ ಅದಕ್ಕೂ ಸಂಯಮ ಎಂದೇ ಹೆಸರು. ಯೋಗಶಾಸ್ತ್ರದಲ್ಲಿ ಈ ಧಾತುವಿನ ಕೆಲಸವೆಲ್ಲ ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಇಟ್ಟುಕೊಳ್ಳುವ ಹಿಡಿತದ್ದು.

ನಮ್ಮ ಈಗಿನ ಬರವಣಿಗೆಯಲ್ಲಿ ಆ ಪದ ಹೊರಗೆ ತಿರುಗಿತು. ರೋಗ ನಿಯಂತ್ರಣ, ಸಂಚಾರ ನಿಯಂತ್ರಣ, ಬೆಲೆ ನಿಯಂತ್ರಣ. ಇವೆಲ್ಲ ಸರಿಯಾದ ಬಳಕೆಗಳೇ. ರೋಗಕ್ಕೂ ಬೆಲೆಗೂ ವಾಹನಗಳ ಸಾಲಿಗೂ ಈ ಪದ ಹೊಂದುತ್ತದೆ. ಅವುಗಳ ಜಾಗದಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದಾಗ ಮಾತ್ರ ಪದದೊಳಗಿನ ಯಂತ್ರ ಸದ್ದು ಮಾಡುತ್ತದೆ. ನಿನ್ನ ಪತ್ರ ಓದುವಾಗ ನನ್ನ ಕಿವಿಗೆ ಬಿದ್ದದ್ದು ಆ ಸದ್ದು.

ನಿನ್ನ ಮೇಲಧಿಕಾರಿಗಳು ಆಡಿದ ಪದ 'ಕಂಟ್ರೋಲ್' ಎಂದು ನೀನೇ ಬರೆದಿದ್ದೀಯ. ಅದರ ಹಿನ್ನೆಲೆಯೂ ತಿಳಿದಿರಲಿ. ಮಧ್ಯಯುಗದ ಲ್ಯಾಟಿನ್‌ನಲ್ಲಿ 'ಕಾಂಟ್ರಾರೋಟುಲಸ್' ಎಂಬ ಪದವಿತ್ತು. ರೋಟುಲಸ್ ಎಂದರೆ ಸುರುಳಿ, ಕಾಂಟ್ರಾ ಎಂದರೆ ಎದುರು. ಲೆಕ್ಕ ಬರೆದ ಸುರುಳಿಗೆ ಎದುರಾಗಿ ಇನ್ನೊಂದು ಪ್ರತಿ ಸುರುಳಿ ಇಟ್ಟು, ಎರಡನ್ನೂ ತಾಳೆ ನೋಡುವ ಪದ್ಧತಿ ಅದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಕಂಟ್ರೋಲ್ ಆಯಿತು. ಅಂದರೆ ಆ ಪದ ಹುಟ್ಟಿದ್ದು ಕಾಗದದ ಲೆಕ್ಕವನ್ನು ಸರಿನೋಡಲು. ನಮ್ಮ ಸಂವಿಧಾನದ 148ನೇ ವಿಧಿ ಹೇಳುವ, ಸರ್ಕಾರದ ಲೆಕ್ಕ ಪರಿಶೋಧಿಸುವ ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್ ಹುದ್ದೆಯಲ್ಲಿ ಈಗಲೂ ಆ ಹಳೆಯ ಅರ್ಥ ಜೀವಂತವಾಗಿದೆ. ಕರಡು ತಿದ್ದುವವನಿಗೆ ಈ ಪದ ಬಹಳ ಹತ್ತಿರದ್ದು. ಎಡಗೈಯಲ್ಲಿ ಹಸ್ತಪ್ರತಿ, ಬಲಗೈಯಲ್ಲಿ ಅಚ್ಚಾದ ಪ್ರತಿ, ಎರಡನ್ನೂ ಸಾಲುಸಾಲಾಗಿ ತಾಳೆ ನೋಡುವುದೇ ನಾನು ಜೀವಮಾನವೆಲ್ಲ ಮಾಡಿದ ಕೆಲಸ.

ಕನ್ನಡದಲ್ಲಿ ಈ ಅರ್ಥಕ್ಕೆ ಬೇರೆ ಮಾತುಗಳೂ ಇವೆ, ಬೇಗ ದಾಟಿಬಿಡುತ್ತೇನೆ. ಕಡಿವಾಣ ಕುದುರೆ ಹಲ್ಲಿನಲ್ಲಿ ಕಚ್ಚುವ ಕಬ್ಬಿಣ. ಹತೋಟಿಯಲ್ಲಿ ಕೈ ಇದೆ, ಮರಾಠಿಯಲ್ಲಿ 'ಹಾತೋಟಿ' ಎಂದರೆ ಕೈಗೆ ಹತ್ತಿದ ಕೌಶಲ. ಹದ್ದುಬಸ್ತು ಜಮೀನು ಅಳೆಯುವವರ ಮಾತು, ಹದ್ದು ಎಂದರೆ ಗಡಿ, ಬಸ್ತು ಎಂದರೆ ಕಟ್ಟಿದ್ದು. ಭೂಮಾಪನ ಇಲಾಖೆಗೆ ಇಂದಿಗೂ ಹದ್ದುಬಸ್ತಿಗೆಂದು ಅರ್ಜಿ ಹಾಕುತ್ತಾರೆ. ಅಂಕೆ ಎಂದೊಡನೆ ಅಂಕೆಯಿಲ್ಲದ ಕಪಿ ಲಂಕೆ ಸುಟ್ಟ ಗಾದೆ ನೆನಪಾಗುತ್ತದೆ. ಲಗಾಮು, ಗಡಿಕಲ್ಲು, ಸುರುಳಿ, ಕಬ್ಬಿಣ, ಹೀಗೆ ಹೆಚ್ಚಿನ ಪದಗಳ ಒಳಗೆ ಒಂದು ವಸ್ತು ಕುಳಿತಿದೆ.

ನಾನು ನಿನಗೆ ಕೊಡಬೇಕೆಂದಿರುವ ಕ್ರಿಯಾಪದದಲ್ಲಿ ಮನುಷ್ಯನಿದ್ದಾನೆ. ಅದು ನಮ್ಮ ಅಚ್ಚಗನ್ನಡದ 'ಆಳು'.

ನಾಡನ್ನು ಆಳು ಎಂದರೆ ಕ್ರಿಯಾಪದ. ತೋಟದ ಆಳು ಎಂದರೆ ನಾಮಪದ. ಒಂದು ಸಿಂಹಾಸನದ ಮೇಲಿನ ಕೆಲಸ, ಇನ್ನೊಂದು ಆ ಸಿಂಹಾಸನ ಹೊರುವವನ ಹೆಸರು. ನಿಘಂಟಿನಲ್ಲಿ ಇವೆರಡೂ ಅಕ್ಕಪಕ್ಕ ಇರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ನೋಡು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ನೋಡು. ತಮಿಳಿನಲ್ಲೂ 'ಆಳ್' ಎಂದರೆ ಈ ಎರಡೂ ಅರ್ಥ. ಅಷ್ಟು ಹಳೆಯದು ಈ ನಂಟು. ತಮಿಳಿನವರು ದೇವರನ್ನು 'ಆಂಡವನ್' ಎನ್ನುವುದು ಈ ಕ್ರಿಯಾಪದದಿಂದ, ಆಳಿದವನು ಎಂದು. 'ಆಂಡಾಳ್' ಎಂಬ ಭಕ್ತಕವಿಯ ಹೆಸರೂ ಇದರಿಂದಲೇ, ಆಳಿದವಳು ಎಂದು. ಅದೇ ತಮಿಳಿನಲ್ಲಿ 'ಕೈಯಾಳ್' ಎಂದರೆ ಕೈಯಾರೆ ನಿಭಾಯಿಸು, ಬಳಸು. ನಮ್ಮಲ್ಲಿ ಕೈಯಾಳು ಎಂದರೆ ಪಕ್ಕದಲ್ಲಿ ನಿಂತು ನೆರವಾಗುವವನು.

ಕನ್ನಡದ ಆಳು ಎಂಬ ನಾಮಪದ ಮೊದಲಿನಿಂದಲೂ ಕೂಲಿಯವನಿಗಷ್ಟೇ ಮೀಸಲಾಗಿರಲಿಲ್ಲ. ಅದು ಮನುಷ್ಯ, ಯೋಧ, ಸಮರ್ಥ ಎಂಬ ಅರ್ಥಗಳನ್ನೂ ಹೊತ್ತಿತ್ತು. ಕಾಲಾಳು, ಕಟ್ಟಾಳು ಎನ್ನುವಾಗ ಆ ಯೋಧ ಎದ್ದು ನಿಲ್ಲುತ್ತಾನೆ. ಆಳುದ್ದದ ಗುಂಡಿ, ಆಳೆತ್ತರದ ಗೋಡೆ ಎನ್ನುವಾಗ ಬರಿಯ ಮನುಷ್ಯ ಅಳತೆಗೋಲಾಗುತ್ತಾನೆ. 'ಇದು ಹತ್ತಾಳಿನ ಕೆಲಸ' ಎನ್ನುವಾಗ ದುಡಿಮೆಯ ಲೆಕ್ಕವಾಗುತ್ತಾನೆ. ಮುಂದಾಳು ಎಂಬ ಪದವನ್ನು ನಾವು ದಿನಾಲೂ ಪತ್ರಿಕೆಯಲ್ಲಿ ಓದುತ್ತೇವೆ, ಅದರ ಒಳಗೆ ನಿಂತಿರುವುದು ಒಬ್ಬ ಆಳು ಎಂಬುದು ನಮಗೆ ಹೊಳೆಯುವುದೇ ಇಲ್ಲ. ಮುಂದೆ ನಿಂತ ಆಳು, ಅಷ್ಟೇ. ನಾಯಕ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಕಂಡಿಲ್ಲ. ನಿನಗೆ ಈಗ ಕೊಟ್ಟಿರುವ ಹುದ್ದೆಯೂ ಅದೇ.

ಈಗ ಶಾಸನಗಳ ಒಂದು ಸಾಲು ತೋರಿಸುತ್ತೇನೆ. ರಾಷ್ಟ್ರಕೂಟರ, ಚಾಲುಕ್ಯರ ಕಾಲದ ಎಷ್ಟೋ ಕಲ್ಲುಗಳಲ್ಲಿ ಬರಹದ ಆರಂಭಕ್ಕೆ ಒಂದು ಕಟ್ಟಳೆ ಇದೆ. ಮೊದಲು ಚಕ್ರವರ್ತಿಯ ಬಿರುದುಗಳು, ಆಮೇಲೆ ಅವನು 'ಪೃಥ್ವೀರಾಜ್ಯಂಗೆಯ್ಯುತ್ತಿರೆ' ಎಂದು. ಅದರ ನಂತರ ಅವನ ಕೈಕೆಳಗೆ ಒಂದು ಪ್ರಾಂತವನ್ನು ನೋಡಿಕೊಳ್ಳುವವನ ಹೆಸರು ಬಂದು, ಅವನು 'ಬನವಾಸಿ ಪನ್ನಿರ್ಚ್ಛಾಸಿರಮನಾಳುತ್ತಿರೆ' ಎಂಬಂಥ ಮಾತು. ಬನವಾಸಿ ಹನ್ನೆರಡು ಸಾವಿರ ಎಂಬುದು ಆ ಪ್ರಾಂತದ ಹೆಸರು. ಎರಡನೆಯ ಸಾಲಿನ ಆಳುವಿಕೆ ನಮ್ಮ ಪದವೇ. ಆಳುವವನ ಮೇಲೆ ಇನ್ನೊಬ್ಬನಿದ್ದಾನೆ, ಅವನು ಇವನ ಒಡೆಯ. ಇವನು ಕೆಳಗಿನವರಿಗೆ ಅರಸು, ಮೇಲಿನವನಿಗೆ ಆಳು. ಕಚೇರಿಯಲ್ಲಿ ನೀನು ನಿಂತಿರುವ ಮೆಟ್ಟಿಲು ಇದೇ ಅಲ್ಲವೇ?

ಮೊದಲ ಸಾಲು ನನಗೆ ಇನ್ನೂ ಪ್ರಿಯ. ಚಕ್ರವರ್ತಿ ಮಾಡುವುದು 'ರಾಜ್ಯಂ ಗೆಯ್'. ಗೆಯ್ ಎಂದರೆ ಮಾಡು. ಹಳಗನ್ನಡದಲ್ಲಿ ಯಾವ ಕೆಲಸಕ್ಕೂ ಹೊಂದುವ ಸಾಮಾನ್ಯ ಕ್ರಿಯಾಪದ ಅದು. ಹೊಸಗನ್ನಡದಲ್ಲಿ ಆ ಪದ ಅರಮನೆ ಬಿಟ್ಟು ಹೊಲಕ್ಕೆ ಹೋಯಿತು. ರೈತರು ಈಗಲೂ ಗೇಯುತ್ತಾರೆ, ಬೆವರು ಸುರಿಸುವ ಬೇಸಾಯದ ದುಡಿಮೆಗೆ ಗೇಮೆ ಎನ್ನುತ್ತಾರೆ. ಕಲ್ಲು ಕೆತ್ತಿದವನು ಅರಸನನ್ನು ರೈತನ ಪಕ್ಕ ಕೂರಿಸಲು ಹೊರಟಿರಲಿಲ್ಲ, ನಿಜ. ಆದರೂ ಆಳ್ವಿಕೆಯನ್ನು 'ಮಾಡುವ' ಕೆಲಸವೆಂದು ಬರೆದ ಭಾಷೆ ನಮ್ಮದು ಎಂಬುದು ನನಗೆ ಇಂದಿಗೂ ಹೆಮ್ಮೆ ತರುತ್ತದೆ.

ಆಳು ಎಂಬುದರ ಸುತ್ತಮುತ್ತ ನಾಲ್ಕು ಪದಗಳು ಒಂದೇ ರೀತಿ ಕೇಳಿಸುತ್ತವೆ. ಆಳು, ಆಳ, ಅಳು, ಅಳಿ. ಇಂದು ಎಲ್ಲಕ್ಕೂ ಒಂದೇ ಳಕಾರ. ಹಳಗನ್ನಡದಲ್ಲಿ ಹಾಗಿರಲಿಲ್ಲ. ಕೆಳಗಿಳಿಯುವ ಆಳ, ಕಣ್ಣೀರಿನ ಅಳು, ನಾಶವಾಗುವ ಅಳಿ, ಈ ಮೂರರಲ್ಲೂ ಇದ್ದದ್ದು ೞಕಾರ, ಈಗ ಕನ್ನಡದಲ್ಲಿ ಬಳಕೆ ತಪ್ಪಿದ ಹಳೆಯ ಅಕ್ಷರ. ಆಳ್ವಿಕೆಯ ಆಳು ಒಂದರಲ್ಲಿ ಮಾತ್ರ ಳಕಾರ. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದಲ್ಲಿ ರಳ (ಈ ೞ), ಕುಳ (ಕನ್ನಡದ ಳ), ಕ್ಷಳ (ಸಂಸ್ಕೃತದಿಂದ ಬಂದ ಪದಗಳ ಳ) ಎಂದು ಬೇರೆ ಬೇರೆ ಗುರುತಿಸಿ ಹೇಳಿದ್ದು ಈ ಭೇದವನ್ನೇ. ಅವನ ಹೊತ್ತಿಗೆ ಜನರ ನಾಲಗೆಯಲ್ಲಿ ಅದು ಅಳಿಸಿಹೋಗುತ್ತಿತ್ತು. ತಮಿಳಿನಲ್ಲಿ ಇನ್ನೂ ಉಳಿದಿದೆ. ಅದರಿಂದಲೇ ಒಂದು ಸೊಗಸು ಅಲ್ಲಿ ಕಾಣುತ್ತದೆ. ತಮಿಳಿನ ವಿಷ್ಣುಭಕ್ತ ಕವಿಗಳಿಗೆ ಆಳ್ವಾರ್ ಎಂದು ಹೆಸರು. ಭಕ್ತಿಯಲ್ಲಿ ಮುಳುಗಿದವರು ಎಂಬ ಅರ್ಥದಲ್ಲಿ ಆ ಪದವನ್ನು ಸಂಪ್ರದಾಯ ವಿವರಿಸುವುದು ೞಕಾರದ ಮೂಲದಿಂದ. ಆ ಹನ್ನೆರಡು ಜನ ಆಳ್ವಾರರಲ್ಲಿ ಒಬ್ಬಳಾದ ಆಂಡಾಳ್ ಹೆಸರು ಬಂದದ್ದು ಳಕಾರದ ಮೂಲದಿಂದ. ಮುಳುಗಿದವರ ನಡುವೆ ಆಳಿದವಳು ಒಬ್ಬಳು.

ಈ ಅಕ್ಷರಗಳ ವಿಷಯ ಇಷ್ಟು ಎಳೆಯುತ್ತಿರುವುದಕ್ಕೆ ಕಾರಣವಿದೆ. ನಿನಗೆ ಇದುವರೆಗೆ ಹೇಳದ ಒಂದು ಸಂಗತಿ.

1979ರ ಬೇಸಿಗೆ. ಆಗ ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಒಂದು ಅರಸುಮನೆತನದ ಚರಿತ್ರೆಯ ಪುಸ್ತಕ, ಸಾವಿರ ಪ್ರತಿ. ಮರುದಿನ ಬೆಳಗ್ಗೆ ಹತ್ತಕ್ಕೆ ಬಿಡುಗಡೆ. ಸಂಜೆ ಹೊಲಿಗೆ ಮುಗಿದು ರಟ್ಟು ಕಟ್ಟಿದ ಪುಸ್ತಕಗಳು ಗೋಡೆಯುದ್ದಕ್ಕೂ ಪೇರಿಸಿದ್ದವು. ಮೇಲಿನದೊಂದನ್ನು ತೆಗೆದು ಅರ್ಪಣೆಯ ಪುಟ ತೆರೆದೆ. 'ಇಪ್ಪತ್ತೆರಡು ವರ್ಷ ಈ ನಾಡನ್ನು ಅಳಿದ' ಎಂದಿತ್ತು. ಮೊಳೆಯ ಖಾನೆಯಿಂದ ಆ ಬದಲು ಅ ಬಂದಿತ್ತು. ಆಳಿದ ಅರಸನನ್ನು ಅಳಿದವನಾಗಿಸಿದ್ದೆ. ಮೂರು ಸಲ ಕರಡು ನೋಡಿ ಮೂರು ಸಲವೂ ಸಹಿ ಹಾಕಿದವನು ನಾನು. ಹಳಗನ್ನಡದಲ್ಲಾಗಿದ್ದರೆ ಆಳ್ದ ಎಂಬುದು ಅೞಿದ ಆಗಲು ಒಂದಕ್ಕಿಂತ ಹೆಚ್ಚು ಮೊಳೆ ತಪ್ಪಬೇಕಿತ್ತು. ನಮ್ಮ ಕಾಲಕ್ಕೆ ಒಂದೇ ಸಾಕಾಗಿತ್ತು.

ನಮ್ಮ ಫೋರ್‌ಮನ್ ಐವತ್ತು ದಾಟಿದವರು, ಮಾತು ಕಡಿಮೆ. ಪುಸ್ತಕವನ್ನು ಅವರ ಮುಂದೆ ಹಿಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ನನ್ನ ಮುಖ ನೋಡಲಿಲ್ಲ. "ಆ ಒಂದು ಸಾಲು ಜೋಡಿಸಿಕೊಡುತ್ತೇನೆ, ನೀನು ಅಂಟು ಕಲಸು" ಎಂದರು. ತಾವೇ ಖಾನೆಯ ಮುಂದೆ ನಿಂತು ಸಾಲು ಜೋಡಿಸಿದರು. ಅದನ್ನೇ ಹತ್ತು ಸಲ ಜೋಡಿಸಿ ಒಂದು ಹಾಳೆಯಲ್ಲಿ ಹತ್ತು ಚೀಟಿ ಬರುವಂತೆ ಅಚ್ಚು ಹಾಕಿಸಿದರು. ಕತ್ತರಿಸಿದೆವು. ಆಮೇಲೆ ನಾವು ನಾಲ್ವರು ನೆಲದ ಮೇಲೆ ಸಾಲಾಗಿ ಕುಳಿತೆವು, ಸಾಲಿನ ಕೊನೆಯಲ್ಲಿ ಅವರು. ಒಬ್ಬ ಪುಟ ತೆರೆಯುವುದು, ನಾನು ಅಂಟು ಸವರುವುದು, ಮೂರನೆಯವನು ಚೀಟಿ ಇಡುವುದು, ಅವರು ಅಂಗೈಯಿಂದ ಒತ್ತಿ, ಅಂಚಿಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ ಪಕ್ಕಕ್ಕಿಡುವುದು. ಸಾವಿರ ಸಲ. ನಸುಕಿನ ನಾಲ್ಕೂವರೆಗೆ ಮುಗಿಯಿತು. ಅವರು ಎದ್ದಾಗ ಮಂಡಿ ಹಿಡಿದುಕೊಂಡು ಒಂದು ನಿಮಿಷ ಗೋಡೆಗೆ ಒರಗಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊರಡುವ ಮೊದಲು ಮೇಜಿನ ಮೇಲಿದ್ದ ಕರಡನ್ನು ಎಳೆದುಕೊಂಡು, ನನ್ನ ಸಹಿಯ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಬೆಳಗ್ಗೆ ಯಜಮಾನರು ಕೇಳಿದಾಗ "ನಮ್ಮ ಕೈ ತಪ್ಪಿತು" ಎಂದರು. 'ನಮ್ಮ' ಎಂದರು, ಪುಟ್ಟಿ.

ಆ ಮೇಲೆ ಅವರು ನಿವೃತ್ತರಾಗುವವರೆಗೆ ಹನ್ನೊಂದು ವರ್ಷ ನಾನು ಅವರ ಕೈಕೆಳಗೆ ಇದ್ದೆ. ಅವರು ಒಂದು ದಿನವೂ ನನ್ನನ್ನು ನಿಯಂತ್ರಿಸಲಿಲ್ಲ. ಅವರು ನನ್ನನ್ನು ಆಳಿದರು. ಅವರು ನಿಂತಿದ್ದಾರೆಂದರೆ ನನ್ನ ಕಣ್ಣು ತಾನಾಗಿಯೇ ಎರಡು ಸಲ ಸಾಲನ್ನು ಓದುತ್ತಿತ್ತು. ಆಳಾಗಬಲ್ಲವನೇ ಅರಸಾಗಬಲ್ಲ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ, ಅರ್ಥ ನೋಡಿದ್ದು ಆ ರಾತ್ರಿ.

ಇನ್ನು ಬಳಕೆಯ ಮಾತು. ಆಳು ಎಂಬುದನ್ನು ಎಲ್ಲೆಂದರಲ್ಲಿ ಹಾಕಬೇಡ. ಜ್ವರವನ್ನು ಆಳುವುದಿಲ್ಲ, ಹತೋಟಿಗೆ ತರುತ್ತೇವೆ. ಖರ್ಚಿಗೆ ಕಡಿವಾಣ ಹಾಕುತ್ತೇವೆ. ಕೋಪವನ್ನು ತಡೆಯುತ್ತೇವೆ, ಅದುಮುತ್ತೇವೆ, ನುಂಗಿಕೊಳ್ಳುತ್ತೇವೆ. ಆಳುವುದಕ್ಕೆ ಎದುರಿಗೆ ಉಸಿರಾಡುವ, ಮಾತಾಡುವ, ನಾಳೆಯೂ ಅಲ್ಲೇ ಇರುವ ಒಂದು ಬದುಕು ಬೇಕು. ನಾಡು, ಮನೆ, ಮನಸ್ಸು. ವಿಧಿರೂಪದಲ್ಲಿ 'ಆಳು' ಎಂದು ಯಾರೂ ಯಾರಿಗೂ ಅಪ್ಪಣೆ ಕೊಡುವುದು ಕಡಿಮೆ. ಹರಸುವಾಗ ಮಾತ್ರ ನೂರು ಕಾಲ ಆಳು, ಬಾಳು ಎನ್ನುತ್ತೇವೆ. ಮೈಸೂರಿನ ಹಳೆಯ ಕಾಗದಪತ್ರಗಳಲ್ಲಿ 'ಆಳಿದ ಮಹಾಸ್ವಾಮಿಯವರು' ಎಂದು ಬರುತ್ತದೆ. ಓದಿದವರು ಆಳಿ ಹೋದವರು ಎಂದುಕೊಳ್ಳುತ್ತಾರೆ. ಬದುಕಿ ಆಳುತ್ತಿದ್ದ ಮಹಾರಾಜರಿಗೇ ಹಾಗೆ ಬರೆಯುತ್ತಿದ್ದರು. ಹಳಗನ್ನಡದ 'ಆಳ್ದ' ಎಂದರೆ ಒಡೆಯ. ಆ ಒಡೆಯನೇ ಅಲ್ಲಿ ಉಳಿದುಕೊಂಡಿದ್ದಾನೆ.

ಇದರ ಮರುಮುಖವನ್ನು ಕನ್ನಡ ಹೇಗೆ ಹೇಳುತ್ತದೆ ನೋಡು. ಪುಸ್ತಕದ ಭಾಷೆಯಲ್ಲಿ 'ಆಳಲ್ಪಡು' ಎಂದು ಬರೆಯಬಹುದು, ಬಾಯಲ್ಲಿ ಅದು ನಿಲ್ಲುವುದಿಲ್ಲ. ಜನ ಆಡುವುದು 'ಆಳಿಸಿಕೊಳ್ಳು' ಎಂದು. ಹೊಗಳಿಸಿಕೊಳ್ಳು, ಬರೆಸಿಕೊಳ್ಳು ಎಂಬಂತೆ ಇದರಲ್ಲಿ ಎದುರಿನವರದೂ ಒಂದು ಕ್ರಿಯೆ ಇದೆ. ಆಳಿಸಿಕೊಳ್ಳುವವರು ಕೈಕಟ್ಟಿ ನಿಂತ ವಸ್ತುಗಳಲ್ಲ, ವಾಕ್ಯದಲ್ಲಿ ಅವರೇ ಕರ್ತೃ. ನಿನ್ನ ಹದಿನಾಲ್ಕು ಜನರೂ ದಿನಾಲೂ ಬೆಳಗ್ಗೆ ಬಂದು ಕುಳಿತಾಗ ಅವರ ಕಡೆಯಿಂದಲೂ ಒಂದು ಕ್ರಿಯಾಪದ ನಡೆಯುತ್ತಿರುತ್ತದೆ. ಅದನ್ನು ಅವರಿಂದ ಬಲವಂತವಾಗಿ ಮಾಡಿಸಲು ಬರುವುದಿಲ್ಲ.

ಆದ್ದರಿಂದ ನೇರವಾಗಿ ಹೇಳುತ್ತೇನೆ. ಲೆಕ್ಕ, ಗಡುವು, ಕಡತ, ಇವುಗಳ ಮೇಲೆ ನಿಯಂತ್ರಣ ಇಟ್ಟುಕೊ, ಗಟ್ಟಿಯಾಗಿಯೇ ಇಟ್ಟುಕೊ. ಅಲ್ಲಿ ಸಡಿಲಬಿಟ್ಟರೆ ಜನರಿಗೇ ಅನ್ಯಾಯವಾಗುತ್ತದೆ. ತಾಳೆ ನೋಡುವ ಕೆಲಸವನ್ನು ನಾಚಿಕೆಯಿಲ್ಲದೆ ಮಾಡು. ಆರು ಮಂದಿ ಹಿರಿಯರಿದ್ದಾರಲ್ಲ, ಮೊದಲ ತಿಂಗಳು ಅವರಲ್ಲಿ ಒಬ್ಬೊಬ್ಬರ ಪಕ್ಕ ಅರ್ಧ ದಿನ ಕುಳಿತು ಅವರ ಕೆಲಸವನ್ನು ನೀನು ಮಾಡು. ಅವರು ಕಲಿಸಲಿ. ಕೆಲಸಕ್ಕೆ ಬಾರದ ಸೌಜನ್ಯಕ್ಕಾಗಿ ಇದನ್ನು ಮಾಡಬೇಡ, ನಿಜವಾಗಿ ಕಲಿಯಲು ಮಾಡು. ನಾಟಕವಾದರೆ ಹಿರಿಯರಿಗೆ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ತಪ್ಪು ಮಾಡಿದವರಿಗೆ ತಪ್ಪನ್ನು ತೋರಿಸು, ಒಳಕೋಣೆಯಲ್ಲಿ, ಒಂದೇ ಸಲ. ಮೇಲಿನವರ ಮುಂದೆ ಹೋದಾಗ 'ನಮ್ಮ' ಎನ್ನು. ಇದರಿಂದ ನಿನಗೆ ಒಂದೆರಡು ಸಲ ನಷ್ಟವಾಗಬಹುದು. ಆಗಲಿ.

ಕರಡುಗಳ ಹಳೆಯ ಕಟ್ಟು ಬಿಚ್ಚಿದಾಗ ಆ ರಾತ್ರಿಯ ಚೀಟಿ ಒಂದು ಸಿಕ್ಕಿತು. ಸಾವಿರಕ್ಕೂ ಒಂದಿಷ್ಟು ಹೆಚ್ಚಾಗಿ ಹಾಕಿಸಿದ್ದರು. ಕಾಗದ ಹಳದಿಯಾಗಿದೆ, ಅಕ್ಷರ ಮಾತ್ರ ನಿನ್ನೆ ಅಚ್ಚಾದಂತಿದೆ. 'ಆ' ಅಕ್ಷರದ ಮೊಳೆಯನ್ನು ಸ್ವಲ್ಪ ಜೋರಾಗಿ ಒತ್ತಿದ್ದಾರೆ, ಹಿಂಬದಿಯಲ್ಲಿ ಬೆರಳಿಟ್ಟರೆ ಉಬ್ಬು ತಿಳಿಯುತ್ತದೆ. ಈ ಪತ್ರದ ಮಡಿಕೆಯೊಳಗೆ ಇಟ್ಟಿದ್ದೇನೆ, ತೆರೆಯುವಾಗ ಬೀಳಿಸಿಕೊಳ್ಳಬೇಡ.

ದೊಡ್ಡಮ್ಮನ ಆಶೀರ್ವಾದವನ್ನೂ ಬರೆಯಲು ಹೇಳಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ